ಹಳೆಯ ಸರ್ವರ್‌ನ ರೇಡ್ ಕಾರ್ಡ್ ಕೆಟ್ಟರೆ: ಮಾಹಿತಿ ಉಳಿಸಿಕೊಳ್ಳುವ ಬಗೆ

ಘಟಪ್ರಭಾ ನದಿಗೆ ಅಡ್ಡಲಾಗಿ ಹಿಡಕಲ್ ಬಳಿ ನಿರ್ಮಿಸಿರುವ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ ಸುಮಾರು 51 ಟಿಎಂಸಿ ಅಡಿ. ಕಾಲುವೆಯ ಗೇಟು ಸಿಕ್ಕಿಕೊಂಡರೆ ಹೊಲಗಳಿಗೆ ನೀರು ಹರಿಯದು. ಹಾಗೆಂದು ಜಲಾಶಯವೇ ಬರಿದಾಯಿತೆಂದು ಯಾರೂ ಭಾವಿಸುವುದಿಲ್ಲ. ಸರ್ವರ್‌ನ ರೇಡ್ ಕಾರ್ಡ್ ಕೆಟ್ಟಾಗಿನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಮಾಹಿತಿ ಡಿಸ್ಕ್‌ಗಳಲ್ಲೇ ಇರುತ್ತದೆ. ಅಲ್ಲಿಗೆ ತಲುಪುವ ದಾರಿಯಷ್ಟೇ ಮುಚ್ಚಿರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಮಾಹಿತಿ ನಾಶವಾಗುವುದು ಕಾರ್ಡ್ ಕೆಟ್ಟದ್ದರಿಂದಲ್ಲ, ಅನಂತರದ ಆತುರದ ದುರಸ್ತಿಯಿಂದ.

ಮಾಹಿತಿಯ ಬೆಲೆ

ರಾಜ್ಯದ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿ, 177 ತಾಲ್ಲೂಕು ಕೇಂದ್ರಗಳ ಮೂಲಕ ವಿತರಿಸುವ ವ್ಯವಸ್ಥೆ 2000ದ ದಶಕದ ಆರಂಭದಲ್ಲೇ ಜಾರಿಗೆ ಬಂದಿತು. ಮೂಡಲಗಿ ಆಗಿನ್ನೂ ಗೋಕಾಕ ತಾಲ್ಲೂಕಿನ ಭಾಗವಾಗಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋದ ಮೇಲೆ ರೈತನ ಸಾಲ, ಪಾಲುಪಟ್ಟಿ, ವ್ಯಾಜ್ಯ ಎಲ್ಲಕ್ಕೂ ಗಣಕಯಂತ್ರದ ದಾಖಲೆಯೇ ಆಧಾರವಾಯಿತು. ಮೊದಲು ತಾಲ್ಲೂಕು ಮಟ್ಟದಲ್ಲಿದ್ದ ಆ ದತ್ತಾಂಶ ಅನಂತರ ರಾಜ್ಯ ಮಟ್ಟದಲ್ಲಿ ಕೇಂದ್ರೀಕೃತಗೊಂಡಿತು. ಆದರೆ ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಸಣ್ಣ ಕಾರ್ಖಾನೆಗಳಲ್ಲಿ ಲೆಕ್ಕಪತ್ರವೆಲ್ಲ ಮೂಲೆಯ ಒಂದೇ ಹಳೆಯ ಸರ್ವರ್‌ನಲ್ಲಿರುವುದು ಇಂದಿಗೂ ಅಪರೂಪವಲ್ಲ.

ರೇಡ್ ಎಂದರೇನು?

ಹಲವು ಡಿಸ್ಕ್‌ಗಳನ್ನು ಒಂದೇ ಘಟಕದಂತೆ ಬಳಸುವ ಈ ವಿಧಾನಕ್ಕೆ ರೇಡ್ ಎಂಬ ಹೆಸರಿಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್. ಅವರ ಪ್ರಬಂಧ 1988ರಲ್ಲಿ ಪ್ರಕಟವಾಯಿತು. ರೇಡ್ 1ರಲ್ಲಿ ಒಂದೇ ಮಾಹಿತಿ ಎರಡು ಡಿಸ್ಕ್‌ಗಳಲ್ಲಿರುತ್ತದೆ. ರೇಡ್ 5ರಲ್ಲಿ ಮಾಹಿತಿಯನ್ನೂ ಅದರ ಪ್ಯಾರಿಟಿ ಲೆಕ್ಕವನ್ನೂ ಕನಿಷ್ಠ ಮೂರು ಡಿಸ್ಕ್‌ಗಳಿಗೆ ಹಂಚಲಾಗುತ್ತದೆ. ಒಂದು ಡಿಸ್ಕ್ ಹೋದರೂ ಮಾಹಿತಿ ಉಳಿಯುತ್ತದೆ. ಯಾವ ತುಣುಕು ಎಲ್ಲಿದೆ ಎಂಬ ವಿವರವನ್ನು ಈಚಿನ ಕಾರ್ಡ್‌ಗಳು ಡಿಸ್ಕ್‌ಗಳ ಮೇಲೆಯೇ ಬರೆದಿಡುತ್ತವೆ. ಹೊಸ ಕಾರ್ಡ್ ಹಳೆಯ ಸಮೂಹವನ್ನು ಗುರುತಿಸುವುದು ಈ ಬರಹದಿಂದಲೇ.

ಬಿಚ್ಚುವ ಮುನ್ನ

ಎಲ್ಲ ಡಿಸ್ಕ್‌ಗಳೂ ಒಮ್ಮೆಲೇ ಕಾಣೆಯಾದರೆ ಕಾರ್ಡ್, ಕೇಬಲ್ ಅಥವಾ ವಿದ್ಯುತ್ ಪೂರೈಕೆಯ ದೋಷವನ್ನು ಶಂಕಿಸಬೇಕು; ಎಲ್ಲ ಡಿಸ್ಕ್‌ಗಳೂ ಒಂದೇ ಕ್ಷಣದಲ್ಲಿ ಕೆಡುವುದು ವಿರಳ. ಮೊದಲು ಕೇಬಲ್ ಪರೀಕ್ಷಿಸಬೇಕು. ಕಾರ್ಡಿನ ಮಾದರಿ ಸಂಖ್ಯೆ, ಫರ್ಮ್‌ವೇರ್ ಆವೃತ್ತಿ, ರೇಡ್ ಮಟ್ಟಗಳನ್ನು ಬರೆದಿಟ್ಟು, ಪ್ರತಿ ಡಿಸ್ಕ್‌ಗೂ ಕ್ರಮಸಂಖ್ಯೆಯ ಚೀಟಿ ಅಂಟಿಸಿ, ಕೇಬಲ್‌ಗಳ ಛಾಯಾಚಿತ್ರ ತೆಗೆದುಕೊಳ್ಳಬೇಕು.

ಬದಲಿ ಕಾರ್ಡ್ ಅದೇ ಮಾದರಿಯದಾಗಿರುವುದು ಕ್ಷೇಮ. ಒಂದು ಕಂಪನಿಯ ಸಮೂಹವನ್ನು ಬೇರೆ ಕಂಪನಿಯ ಕಾರ್ಡ್ ಸಾಮಾನ್ಯವಾಗಿ ಓದಲಾರದು. ಹಳೆಯ ಮಾದರಿಗಳು ಉಪಯೋಗಿಸಿದ ಸಾಮಗ್ರಿಗಳ ಮಾರುಕಟ್ಟೆಯಲ್ಲಷ್ಟೇ ಸಿಗಬಹುದು. ಅಂಥ ಕಾರ್ಡಿನ ಸ್ಮೃತಿಯಲ್ಲಿ ಹಿಂದಿನ ಯಜಮಾನನ ವಿವರ ಉಳಿದಿರಬಹುದಾದ್ದರಿಂದ, ಡಿಸ್ಕ್‌ಗಳನ್ನು ಜೋಡಿಸದೆಯೇ ಅದನ್ನು ಚಾಲೂ ಮಾಡಿ, ಆ ವಿವರ ಅಳಿಸಿ, ಫರ್ಮ್‌ವೇರ್ ಹೊಂದಿಸಿಕೊಳ್ಳಬೇಕು.

ಬದಲಾಯಿಸುವ ಕ್ರಮ

ಸರ್ವರ್ ನಿಲ್ಲಿಸಿ, ವಿದ್ಯುತ್ ತಂತಿಗಳನ್ನೆಲ್ಲ ಕಳಚಿ, ಸ್ಥಾಯಿ ವಿದ್ಯುತ್ ತಡೆಯುವ ಪಟ್ಟಿಯನ್ನು ಮಣಿಕಟ್ಟಿಗೆ ಧರಿಸಿದ ಮೇಲೆಯೇ ಕಾರ್ಡ್ ಮುಟ್ಟಬೇಕು. ಡಿಸ್ಕ್‌ಗೆ ಇನ್ನೂ ಬರೆಯದ ಮಾಹಿತಿ ಹಳೆಯ ಕಾರ್ಡಿನ ಕ್ಯಾಷ್‌ನಲ್ಲಿ ಬ್ಯಾಟರಿಯ ಬಲದಿಂದ ಉಳಿದಿರಬಹುದು. ಕೆಲವು ಮಾದರಿಗಳಲ್ಲಿ ಕ್ಯಾಷ್ ಮತ್ತು ಬ್ಯಾಟರಿಯನ್ನು ಒಟ್ಟಾಗಿ ಹೊಸ ಕಾರ್ಡಿಗೆ ವರ್ಗಾಯಿಸಲು ಸಾಧ್ಯವಿದೆ. ಬ್ಯಾಟರಿ ಕೆಲವು ದಿನಗಳಷ್ಟೇ ಬಾಳುವುದರಿಂದ ಇಲ್ಲಿ ವಿಳಂಬ ಸಲ್ಲದು.

ಕೇಬಲ್‌ಗಳನ್ನು ಹಿಂದಿನ ಕ್ರಮದಲ್ಲೇ ಜೋಡಿಸಿ ಸರ್ವರ್ ಚಾಲೂ ಮಾಡಿದಾಗ, ಹಲವು ಕಾರ್ಡ್‌ಗಳು ‘ಫಾರಿನ್ ಕಾನ್ಫಿಗರೇಷನ್’ ಕಂಡುಬಂದಿದೆ ಎಂಬ ಸೂಚನೆ ನೀಡುತ್ತವೆ. ಇದು ದೋಷವಲ್ಲ, ಶುಭಸೂಚನೆ. ಮುನ್ನೋಟದಲ್ಲಿ ಎಲ್ಲ ಡಿಸ್ಕ್‌ಗಳೂ ಇರುವುದನ್ನು ಖಚಿತಪಡಿಸಿಕೊಂಡು ‘ಇಂಪೋರ್ಟ್’ ಆಯ್ಕೆ ಮಾಡಬೇಕು. ‘ಕ್ಲಿಯರ್’ ಒತ್ತಿದರೆ ಸಮೂಹದ ವಿವರ ಅಳಿಯುತ್ತದೆ. ‘ಇನಿಶಿಯಲೈಜ್’ ಒತ್ತಿದರೆ ಮಾಹಿತಿಗೇ ಸಂಚಕಾರ. ಮುನ್ನೋಟದಲ್ಲಿ ಡಿಸ್ಕ್ ಕೊರತೆ ಕಂಡರೆ ಏನನ್ನೂ ಒತ್ತದೆ ಸರ್ವರ್ ನಿಲ್ಲಿಸಿ, ತಜ್ಞರನ್ನು ಸಂಪರ್ಕಿಸುವುದು ಲೇಸು.

ಅನಂತರ

ಸಮೂಹ ಕಾಣಿಸಿಕೊಂಡ ಕೂಡಲೇ ದೈನಂದಿನ ಕೆಲಸ ಆರಂಭಿಸಬಾರದು. ಮೊದಲು ಪೂರ್ಣ ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆದಿಟ್ಟು, ಬಳಿಕ ಕಡತ ವ್ಯವಸ್ಥೆಯನ್ನೂ ಪ್ಯಾರಿಟಿಯ ಹೊಂದಾಣಿಕೆಯನ್ನೂ ಪರಿಶೀಲಿಸಬೇಕು.

ರೇಡ್ ಎಂಬುದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಏರ್ಪಾಡೇ ಹೊರತು ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ ಕಡತ, ವೈರಸ್ ಹಾವಳಿ, ಬೆಂಕಿ, ನೆರೆ ಇವುಗಳಿಂದ ಅದು ರಕ್ಷಿಸದು. ಬೇರೆ ಕಟ್ಟಡದಲ್ಲಿ ಇನ್ನೊಂದು ಪ್ರತಿ, ಕಪಾಟಿನಲ್ಲಿ ಅದೇ ಮಾದರಿಯ ಹೆಚ್ಚುವರಿ ಕಾರ್ಡ್: ಹಳೆಯ ಸರ್ವರ್ ನಂಬಿರುವ ಸಂಸ್ಥೆಗೆ ಇವೆರಡೂ ಅನಿವಾರ್ಯ.