ಎಲ್ಲರ ಬಂಡಿಯ ಹೆಸರು

ಇಂಗ್ಲಿಷಿನ ‘ಬಸ್’ ಎಂಬುದು ‘ಆಮ್ನಿಬಸ್’ ಎಂಬ ಲ್ಯಾಟಿನ್ ಪದದ ಕೊನೆಯ ತುಣುಕು. ‘ಎಲ್ಲ’ ಎಂಬರ್ಥದ ‘ಆಮ್ನಿಸ್’ ಪದಕ್ಕೆ ಚತುರ್ಥಿ ವಿಭಕ್ತಿಯ, ಅಂದರೆ ಕನ್ನಡದ ‘ಗೆ’ಗೆ ಸಮನಾದ ವಿಭಕ್ತಿಯ, ಬಹುವಚನ ಪ್ರತ್ಯಯ ಸೇರಿದಾಗ ‘ಎಲ್ಲರಿಗೆ’ ಎಂಬ ಅರ್ಥದ ಈ ರೂಪ ಸಿದ್ಧವಾಗುತ್ತದೆ. ಪದ ಮೊಟಕಾದಾಗ ಅರ್ಥ ಹೊತ್ತಿದ್ದ ‘ಎಲ್ಲ’ ಎಂಬ ಭಾಗವೇ ಕಳಚಿಹೋಗಿ ಪ್ರತ್ಯಯದ ಚೂರು ಮಾತ್ರ ಉಳಿಯಿತು. ಕನ್ನಡಿಗರು ‘ಬಸ್ಸಿಗೆ’ ಎನ್ನುವಾಗ ಲ್ಯಾಟಿನ್ನಿನ ಚತುರ್ಥಿಯ ಮೇಲೆ ಕನ್ನಡದ ಚತುರ್ಥಿಯೂ ಬಂದು ಕೂರುವುದು ಎರಡು ಭಾಷೆಗಳು ಕೂಡಿದಾಗ ಹುಟ್ಟುವ ಸೊಗಸುಗಳಲ್ಲಿ ಒಂದು.

ಹೆಸರಿಗಿಂತ ಬಂಡಿಯ ಕಲ್ಪನೆ ಹಳೆಯದು. ಗಣಿತಜ್ಞ ಬ್ಲೇಸ್ ಪಾಸ್ಕಲ್‌ನ ಯೋಜನೆಯಂತೆ 1662ರಲ್ಲಿ ಪ್ಯಾರಿಸ್ಸಿನಲ್ಲಿ ಗೊತ್ತಾದ ಹಾದಿಯಲ್ಲಿ, ತಲೆಗೆ ಐದು ಸೋಲ್ (ಅಂದಿನ ಫ್ರಾನ್ಸಿನ ಚಿಲ್ಲರೆ ನಾಣ್ಯ) ದರದಲ್ಲಿ ಕುದುರೆ ಗಾಡಿಗಳು ಓಡಿದವಾದರೂ, ಸೈನಿಕರೂ ಮನೆಯಾಳುಗಳೂ ಅವುಗಳನ್ನು ಹತ್ತಕೂಡದೆಂದು ಅಲ್ಲಿನ ಉಚ್ಚ ನ್ಯಾಯಸಭೆ ವಿಧಿಸಿತ್ತು.

‘ಆಮ್ನಿಬಸ್’ ಎಂಬ ಹೆಸರು ಬಂಡಿಗೆ ಅಂಟಿಕೊಂಡದ್ದು 1820ರ ದಶಕದಲ್ಲಿ, ಪಶ್ಚಿಮ ಫ್ರಾನ್ಸಿನ ನಾಂಟ್ ನಗರದಲ್ಲಿ. ಊರಾಚೆಗಿದ್ದ ತನ್ನ ಬಿಸಿನೀರಿನ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲೆಂದು ಸ್ತಾನಿಸ್ಲಾಸ್ ಬೋದ್ರಿ ಬಂಡಿ ಹೂಡಿಸಿದಾಗ, ಜನ ಸ್ನಾನಕ್ಕಿಂತ ಹೆಚ್ಚಾಗಿ ದಾರಿನಡುವೆ ಹತ್ತಿ ಇಳಿಯಲು ಅದನ್ನು ಬಳಸತೊಡಗಿದ್ದರಿಂದ ಆತ ಬಂಡಿಯನ್ನೇ ವ್ಯಾಪಾರವಾಗಿಸಿಕೊಂಡನು. ಬಂಡಿ ನಿಲ್ಲುತ್ತಿದ್ದೆಡೆ ಓಮ್ನೆ ಎಂಬ ಟೋಪಿ ವ್ಯಾಪಾರಿಯ ಅಂಗಡಿಯಿದ್ದು, ಆತ ತನ್ನ ಹೆಸರಿನ ಮೇಲೆ ಶ್ಲೇಷೆ ಮಾಡಿ ಬರೆಸಿದ್ದ ಫಲಕದಿಂದ ಈ ಹೆಸರು ಬಂತೆಂಬ ಪ್ರತೀತಿ ರಂಜಕವಾದರೂ ಅದನ್ನು ದಂತಕಥೆಯೆಂದೇ ಎಣಿಸುವುದು ಲೇಸು.

ಪ್ಯಾರಿಸ್ಸಿನಲ್ಲಿ ಕೆಲಸ ಮಾಡಿದ್ದ ಗಾಡಿ ತಯಾರಕ ಜಾರ್ಜ್ ಶಿಲಿಬಿಯರ್ 1829ರ ಜುಲೈ 4ರಂದು ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್ ಪ್ರದೇಶಕ್ಕೆ ಮೂರು ಕುದುರೆಗಳ ಆಮ್ನಿಬಸ್ ಓಡಿಸಿದನು. ಪೂರ್ತಿ ಹಾದಿಗೆ ಒಂದು ಶಿಲಿಂಗ್ ದರವಿದ್ದುದರಿಂದ ಅದು ದಿನಗೂಲಿಯವರ ಕೈಗೆಟುಕುವಂತಿರಲಿಲ್ಲ. ಮುಂದಿನ ದಶಕದಲ್ಲೇ ‘ಬಸ್’ ಎಂಬ ಮೊಟಕು ರೂಪ ಇಂಗ್ಲಿಷಿನಲ್ಲಿ ಬಳಕೆಗೆ ಬಂತು. ವಿದ್ಯುತ್ ಕೇಂದ್ರಗಳ ‘ಬಸ್‌ಬಾರ್’, ಅಂದರೆ ಹಲವು ಮಂಡಲಗಳು ಒಟ್ಟಾಗಿ ಸೇರುವ ದಪ್ಪ ಲೋಹಪಟ್ಟಿ, ಮತ್ತು ಕಂಪ್ಯೂಟರಿನ ಭಾಗಗಳೆಲ್ಲ ಹಂಚಿಕೊಳ್ಳುವ ದತ್ತಾಂಶ ಮಾರ್ಗವಾದ ‘ಬಸ್’ ಸಹ ಇದೇ ಬೇರಿನವು.

ಎಲ್ಲರಿಗೆ ಎಂಬ ಮಾತಿನ ಕಟುವಾದ ಪರೀಕ್ಷೆ ನಡೆದದ್ದು ಅಮೆರಿಕದ ಮಾಂಟ್ಗೊಮರಿಯಲ್ಲಿ. ಅಲ್ಲಿನ ಬಸ್ಸುಗಳ ಪ್ರಯಾಣಿಕರಲ್ಲಿ ಹೆಚ್ಚಿನವರು ಕಪ್ಪು ಜನರೇ ಆಗಿದ್ದರೂ, ಬಿಳಿಯರಿಗಾಗಿ ಆಸನ ಬಿಟ್ಟೇಳಬೇಕಾದವರೂ ಅವರೇ ಆಗಿದ್ದರು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಏಳಲೊಪ್ಪದೆ ಬಂಧನಕ್ಕೊಳಗಾದ ಮೇಲೆ, ಆ ಸಮುದಾಯ ವರ್ಷಕ್ಕೂ ಮಿಕ್ಕಿ ಬಸ್ಸು ಹತ್ತದೆ ನಡೆದೋ ಕಾರುಗಳನ್ನು ಹಂಚಿಕೊಂಡೋ ಓಡಾಡಿತು. 1956ರ ಡಿಸೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಆದೇಶ ನಗರಕ್ಕೆ ತಲುಪಿ, ಆಸನಗಳ ಬಣ್ಣಭೇದ ಅಳಿದ ಮೇಲಷ್ಟೇ ಅವರು ಮತ್ತೆ ಬಸ್ಸು ಹತ್ತಿದರು.