ಮಸ್ಕಿಯ ಬಂಡೆಯೂ ಮುಗಿಯದ ಸುದ್ದಿಯೂ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರರು ಇಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡರು. ಅದುವರೆಗೆ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದಷ್ಟೇ ಶಾಸನಗಳಲ್ಲಿ ಕಾಣಿಸಿಕೊಂಡಿದ್ದ ಅರಸನು ಅಶೋಕನೇ ಎಂಬುದು ಈ ಬಂಡೆಯಿಂದ ಖಚಿತವಾಯಿತು. ಇದು ಶಾಲಾ ಪಾಠದಲ್ಲಿ ಎಲ್ಲರೂ ಓದಿದ ಸಂಗತಿ. ಆದರೆ ಆ ಶಾಸನ ಒಂದು ಸುದ್ದಿಯೂ ಹೌದೆಂಬುದು ನಮಗೆ ಅಷ್ಟಾಗಿ ಹೊಳೆಯುವುದಿಲ್ಲ.

ಸುದ್ದಿಯ ಸಾರ ಇಷ್ಟೇ: ಧರ್ಮದಲ್ಲಿ ತೊಡಗಿದರೆ ಸಾಮಾನ್ಯನಿಗೂ ಉನ್ನತಿ ಸಾಧ್ಯ, ಅದು ದೊಡ್ಡವರ ಸೊತ್ತಲ್ಲ, ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು. ಭಾಷೆ ಪ್ರಾಕೃತ. ಈ ಸೀಮೆಯ ಒಕ್ಕಲಿಗನಿಗೆ ಅದನ್ನು ಯಾರಾದರೂ ಓದಿ, ಅವನ ಮಾತಿನಲ್ಲಿ ಬಿಡಿಸಿ ಹೇಳಿರಲೇಬೇಕು. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿ ಶಾಸನದಲ್ಲಿ ಈ ಏರ್ಪಾಡೇ ಇದೆ: ರಾಜುಕರೆಂಬ ಅಧಿಕಾರಿಗಳು ಭೇರಿ ಬಾರಿಸಿ ಜನಪದಕ್ಕೆ ತಿಳಿಸಬೇಕು. ನಮ್ಮ ಹಳ್ಳಿಗಳ ಡಂಗುರದ ಹಿರಿಯಣ್ಣ ಎನ್ನಬಹುದು. ಸುದ್ದಿ ಬರುತ್ತಿದ್ದುದು ಅಪರೂಪಕ್ಕೆ. ಬಂದಾಗ ಹತ್ತು ಜನ ಕೂಡಿ ಕೇಳುತ್ತಿದ್ದರು; ತಂದವನು ಎದುರಿಗೇ ಇರುತ್ತಿದ್ದ.

ಅರಸನ ಪಾಡು ಮಾತ್ರ ಬೇರೆ. ಅದೇ ಎರ್ರಗುಡಿಯಲ್ಲಿರುವ ಆರನೆಯ ಶಿಲಾಶಾಸನದಲ್ಲಿ ಅಶೋಕ ತನ್ನ ವರದಿಗಾರರಿಗೆ ಅಪ್ಪಣೆ ಕೊಡುತ್ತಾನೆ: ಉಣ್ಣುತ್ತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಯಾವ ಹೊತ್ತಿನಲ್ಲಾದರೂ ಸುದ್ದಿ ತಿಳಿಸಬಹುದು. ಎಷ್ಟು ದುಡಿದರೂ ತನಗೆ ತೃಪ್ತಿಯಿಲ್ಲವೆಂದೂ ಸೇರಿಸುತ್ತಾನೆ. ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲು ಇಟ್ಟುಕೊಳ್ಳುವ ನಮಗೆ ಈ ಅತೃಪ್ತಿ ಅಪರಿಚಿತವೇನಲ್ಲ! ಒಂದು ವ್ಯತ್ಯಾಸವಿದೆ. ಅವನು ಕೇಳಿದ್ದು ಪ್ರಜೆಗಳ ಕಾರ್ಯದ ಸುದ್ದಿಯನ್ನು. ಕೇಳಿದ ಮೇಲೆ ಆಜ್ಞೆ ಹೊರಡಿಸುವ ಶಕ್ತಿಯೂ ಅವನಿಗಿತ್ತು. ಅರಸನಿಗೊಬ್ಬನಿಗೇ ಇದ್ದ ಆ ಹೊರೆ ಈಗ ಎಲ್ಲರ ಹೆಗಲಿಗೆ ಬಂದಿದೆ, ಆಜ್ಞೆಯ ಅಧಿಕಾರ ಮಾತ್ರ ಬಂದಿಲ್ಲ.

ಇಂಟರ್‌ನೆಟ್ ಮನಸ್ಸಿನ ನೆಮ್ಮದಿ ಕೆಡಿಸುತ್ತದೆಯೇ? 1998ರಲ್ಲಿ ಅಮೆರಿಕದ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ನಗರದ 73 ಕುಟುಂಬಗಳನ್ನು ಅಭ್ಯಸಿಸಿ, ಹೆಚ್ಚು ಬಳಸಿದವರಲ್ಲಿ ಒಂಟಿತನ, ಖಿನ್ನತೆ ತುಸು ಹೆಚ್ಚಿದವೆಂದರು. 2002ರಲ್ಲಿ ಅವರೇ, ಆ ದುಷ್ಪರಿಣಾಮಗಳು ಬಹುಮಟ್ಟಿಗೆ ಕರಗಿವೆ ಎಂದು ಬರೆದರು. ಹಾಗಾಗಿ ಬಳಕೆಯ ತಾಸುಗಳನ್ನು ಎಣಿಸಿ ಸುಖದುಃಖದ ಲೆಕ್ಕ ಹಾಕುವುದು ನನಗೆ ಸರಿಕಾಣದು. ಬಂದ ಸುದ್ದಿಯಿಂದ ನಾವು ಏನು ಮಾಡಬಲ್ಲೆವು ಎಂಬುದೇ ಮುಖ್ಯ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋಯಿತು. ಎಡದಂಡೆ ನಾಲೆಯ ನೀರನ್ನು ನಂಬಿ ಭತ್ತ ಬೆಳೆಯುವ ಸಿಂಧನೂರಿನ ರೈತನಿಗೆ ಅದು ಎದೆ ನಡುಗಿಸುವ ಸುದ್ದಿ. ಆದರೂ ಬೇಕಾದ ಸುದ್ದಿ. ನೀರು ಎಷ್ಟು ಉಳಿದೀತು, ಎರಡನೆಯ ಬೆಳೆ ಇಡಬಹುದೇ ಎಂದು ಲೆಕ್ಕ ಹಾಕಲು ಅವನಿಗೆ ಅದು ಆಧಾರ.

ಇದೇ ಕಲ್ಯಾಣ ಕರ್ನಾಟಕದಲ್ಲಿ, 2018ರ ಜುಲೈ 13ರಂದು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಂದು ಬಗೆಯ ಸುದ್ದಿ ಹಬ್ಬಿತ್ತು. ಕಾರಿನಲ್ಲಿ ಬಂದವರು ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ತರುಣ ಎಂಜಿನಿಯರೊಬ್ಬನನ್ನು ಹೊಡೆದು ಕೊಂದಿತು. ಮಕ್ಕಳ ಮೇಲಿನ ಅಕ್ಕರೆಯೇ ಆ ಭಯಕ್ಕೆ ಬೇರು. ವದಂತಿಗೆ ಅಷ್ಟು ಸಾಕಾಯಿತು. ಭೇರಿ ಬಾರಿಸಿದವನನ್ನು ‘ಯಾರು ಹೇಳಿದ್ದಪ್ಪಾ?’ ಎಂದು ಕೇಳಬಹುದಿತ್ತು. ಇಲ್ಲಿ ಕೇಳೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ. ದೇಶದಾದ್ಯಂತ ಇಂಥ ಕೊಲೆಗಳು ನಡೆದ ಮೇಲೆ, ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೆ ಕಳಿಸಬಹುದೆಂಬ ಮಿತಿ ತಂದಿತು. 2019ರಲ್ಲಿ ಅದನ್ನು ಜಗತ್ತಿಗೆಲ್ಲ ಅನ್ವಯಿಸಿತು.