ಎಲುಬಿನಲ್ಲಿ ಉಳಿದ ಸೀಸ

ಮುಪ್ಪಿನ ರೋಗಗಳೆಲ್ಲವೂ ವಯೋಧರ್ಮದಿಂದಲೇ ಬರುವವೆಂದು ಭಾವಿಸುವುದು ಸರಿಯಲ್ಲ. ಕೆಲವಕ್ಕೆ ಬಾಲ್ಯದಲ್ಲಿಯೇ ಬೀಜ ಬಿದ್ದಿರುತ್ತದೆ. ಪೆಟ್ರೋಲಿಗೆ ಬೆರೆಸಿದ ಸೀಸದ ಇತಿಹಾಸವು ಇದಕ್ಕೆ ನಿದರ್ಶನ.

ಎಂಜಿನ್ನಿನ ಬಡಿತವನ್ನು ತಡೆಯಲು ಸೀಸದ ಸಂಯುಕ್ತವೊಂದು ಉಪಯುಕ್ತವೆಂದು ಅಮೆರಿಕದ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಕೊಂಡರು. 1924ರಲ್ಲಿ ನ್ಯೂಜೆರ್ಸಿಯ ತೈಲಾಗಾರವೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಂಡು ಮೃತರಾದರು. ಮರುವರ್ಷ ವಾಷಿಂಗ್ಟನ್ನಿನ ಸಭೆಯಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಎಚ್ಚರಿಸಿದರು. ಆದರೆ ಹಾನಿಯನ್ನು ಸಾಧಿಸಿ ತೋರಿಸುವ ಹೊಣೆ ಎಚ್ಚರಿಸಿದವರ ಮೇಲೆಯೇ ಬಿತ್ತು. 1926ರಲ್ಲಿ ಮಾರಾಟವು ಪುನಃ ಆರಂಭವಾಯಿತು.

ದೇಹವನ್ನು ಸೇರಿದ ಸೀಸವು ಕ್ಯಾಲ್ಸಿಯಮ್ಮಿನ ಸ್ಥಾನವನ್ನಾಕ್ರಮಿಸಿ ಎಲುಬಿನಲ್ಲಿ ದಶಕಗಳವರೆಗೆ ಉಳಿಯುತ್ತದೆ. ವೃದ್ಧಾಪ್ಯದಲ್ಲಿ, ವಿಶೇಷವಾಗಿ ಮುಟ್ಟು ನಿಂತ ಸ್ತ್ರೀಯರಲ್ಲಿ, ಎಲುಬು ಸವೆದಂತೆ ಅದು ಮರಳಿ ರಕ್ತಕ್ಕಿಳಿಯುತ್ತದೆ; ರಕ್ತದೊತ್ತಡವನ್ನೂ ಮೂತ್ರಪಿಂಡಗಳ ಬಾಧೆಯನ್ನೂ ಹೆಚ್ಚಿಸಬಲ್ಲದು. ಕ್ಯಾಲ್ಸಿಯಂ, ಕಬ್ಬಿಣಗಳ ಕೊರತೆಯುಳ್ಳ ದೇಹವು ಸೀಸವನ್ನು ಅಧಿಕವಾಗಿ ಹೀರುವುದರಿಂದ ಹಾಲು, ರಾಗಿ, ಸೊಪ್ಪು, ಬೇಳೆಗಳು ರಕ್ಷಣೆಗೆ ಸಹಾಯಕ. ಆದರೆ ಗಾಳಿಯಲ್ಲಿ ಬೆರೆತ ವಿಷಕ್ಕೆ ಪಥ್ಯಾಹಾರವೊಂದೇ ಪರಿಹಾರವಾಗಲಾರದು.

ಜನರ ದೇಹದಲ್ಲಿದ್ದ ಸೀಸದ ಪ್ರಮಾಣವು ಸಹಜವಾದುದಲ್ಲವೆಂದು ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್‌ಸನ್ 1965ರಲ್ಲಿ ಪ್ರತಿಪಾದಿಸಿದರು. ವಾಹನಗಳಿಗೆ ಸೀಸಯುಕ್ತ ಪೆಟ್ರೋಲಿನ ಮಾರಾಟವು ಭಾರತದಲ್ಲಿ 2000ದಲ್ಲಿ, ಎಲ್ಲಕ್ಕೂ ಕಡೆಯದಾಗಿ ಅಲ್ಜೀರಿಯದಲ್ಲಿ 2021ರಲ್ಲಿ ನಿಂತಿತು. ಶೋಧದಿಂದ ತ್ಯಾಗದವರೆಗೆ ನೂರು ವರ್ಷಗಳು!

ಆ ಹೊಗೆಯನ್ನು ಉಸಿರಾಡಿ ಬೆಳೆದ ಮಕ್ಕಳು ಇಂದು ಮುಪ್ಪಿನತ್ತ ಸಾಗುತ್ತಿದ್ದಾರೆ. ಹೊಸ ದ್ರವ್ಯವನ್ನು ಲೋಕಕ್ಕೆ ಬಿಡುವವರೇ ಅದು ನಿರಪಾಯವೆಂಬುದನ್ನು ಮೊದಲು ತೋರಿಸಬೇಕು. ರೋಗಿಯಾದವನಿಂದ ಸಾಕ್ಷ್ಯ ಕೇಳುವುದು ನೀತಿಯಲ್ಲ.